ಅಗ್ಗದ ಬೆಂಜ್, ದುಬಾರಿ ಮಳೆಗಾಲ



ಕಳೆದ ಎರಡು ವರ್ಷಗಳಲ್ಲಿ ವಾಹನ ಸಾಲದ ಅರ್ಜಿ ಹಿಡಿದು ನಮ್ಮ ಸಂಘದ ಕಚೇರಿಗೆ ಬಂದವರಲ್ಲಿ ಏಳು ಮಂದಿ ಕೇಳಿದ್ದು ಜೀಪಿಗಲ್ಲ, ಪಿಕ್‌ಅಪ್ಪಿಗೂ ಅಲ್ಲ. ಎಂಟು ಹತ್ತು ವರ್ಷ ಯಾರದೋ ಕೈಯಲ್ಲಿ ಓಡಿದ ಬೆಂಜ್, ಬಿ.ಎಂ.ಡಬ್ಲ್ಯು., ಆಡಿ ಕಾರುಗಳಿಗೆ. ನಮ್ಮ ಉಪನಿಬಂಧನೆಯಲ್ಲಿ ವಾಹನ ಸಾಲ ಎಂದಷ್ಟೇ ಇದೆ. ಯಾವ ವಾಹನ, ಎಷ್ಟು ಹಳತು ಎಂಬುದಿಲ್ಲ. ಬರೆದವರಿಗೆ ಆಗ ಇಂಥ ಅರ್ಜಿ ಬಂದೀತೆಂಬ ಕನಸೂ ಬಿದ್ದಿರಲಿಕ್ಕಿಲ್ಲ. ಆಡಳಿತ ಮಂಡಳಿಯಲ್ಲಿ ಈ ಬಗ್ಗೆ ಎರಡು ಅಭಿಪ್ರಾಯಗಳಾಗಿ, ವಿಷಯವನ್ನು ಬರುವ ಮಹಾಸಭೆಯ ಮುಂದಿಡುವುದೆಂದು ತೀರ್ಮಾನವಾಗಿದೆ. ಅದಕ್ಕೆ ಮೊದಲು ನನ್ನ ಅಭಿಪ್ರಾಯವನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಇದು ನನ್ನದು, ಮಂಡಳಿಯದ್ದಲ್ಲ.

ಮೊದಲಿಗೇ ಒಂದು ಮಾತು. ಕೃಷಿಕನಿಗೆ ಒಳ್ಳೆಯ ಕಾರು ಯಾಕೆ ಎಂದು ಕೇಳುವ ಜಾತಿಯವನು ನಾನಲ್ಲ. ಮೇ ತಿಂಗಳಲ್ಲಿ ನೇಮಕ್ಕೋ ಮದುವೆಗೋ ಮುಂಬಯಿಯ ಹೋಟೆಲಿನವರು ಊರಿಗೆ ಬಂದಾಗ ದೈವಸ್ಥಾನದ ಗದ್ದೆಯಲ್ಲಿ ಸಾಲಾಗಿ ನಿಲ್ಲುವ ಕಾರುಗಳನ್ನು ನೋಡಿ ಬೆಳೆದವರು ನಾವೆಲ್ಲ. 2021ರಲ್ಲಿ ಚಾಲಿ ಅಡಿಕೆಯ ಧಾರಣೆ ಕಿಲೋಗೆ 500 ರೂಪಾಯಿ ದಾಟಿತು. 2024ರಲ್ಲಿ ರೋಬಸ್ಟಾ ಕಾಫಿ ಹಿಂದೆಂದೂ ಕಾಣದ ಧಾರಣೆ ಕಂಡಿತು. ನಾಲ್ಕು ಕಾಸು ಕೈಗೆ ಬಂದಾಗ, ಒಂದು ಹೊಸ ಸಣ್ಣ ಕಾರಿನ ಕ್ರಯಕ್ಕೆ ನಕ್ಷತ್ರ ಚಿಹ್ನೆಯ ಬೆಂಜ್ ಸಿಗುತ್ತದೆಂದರೆ ಮನಸ್ಸು ಅತ್ತ ಹೋಗುವುದು ಸಹಜ. ನನ್ನ ಮನಸ್ಸೂ ಹೋಗಿತ್ತು. ಆ ಲೆಕ್ಕವನ್ನು ಮುಂದೆ ಕೊಡುತ್ತೇನೆ.

ಜರ್ಮನಿಯ ಮಾಲು ಎಂದರೆ ಗಟ್ಟಿ ಎಂಬ ನಂಬಿಕೆ ನಮ್ಮ ಜಿಲ್ಲೆಗಳಲ್ಲಿ ಇವತ್ತಿನದಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ ಸ್ವಿಟ್ಜರ್ಲೆಂಡಿನ ಸಂಸ್ಥೆಯಾದರೂ ಅದರ ಪಾದ್ರಿಗಳಲ್ಲಿ ಬಹಳ ಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅಲ್ಲಿಯವರೇ. ಆ ಸೀಮೆಯ ಮುಖ್ಯ ಪಟ್ಟಣ ಸ್ಟುಟ್‌ಗಾರ್ಟ್, ಬೆಂಜ್ ಕಾರಿನ ತವರು. ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು, ಆಮೇಲೆ ನಮ್ಮ ಮಲ್ಪೆಯಲ್ಲೂ ತೆರೆದರು. ಆ ಹೆಂಚು ಇಂದಿಗೂ ಎಷ್ಟೋ ಮನೆಗಳ ಮಾಡಿನ ಮೇಲೆ ಉಂಟು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸತೊಡಗಿದರು. 1969ರವರೆಗೆ ಟಾಟಾ ಲಾರಿಯ ಮೂತಿಯ ಮೇಲೆ ಬೆಂಜಿನ ನಕ್ಷತ್ರವೇ ಇತ್ತು. ಘಟ್ಟ ಹತ್ತಿ ಇಳಿದ ಆ ಲಾರಿಗಳನ್ನು ಹಿರಿಯರು ‘ಬೆಂಜ್ ಗಾಡಿ’ ಎಂದೇ ಕರೆಯುತ್ತಿದ್ದರು. ಡೀಸೆಲ್ ಪಂಪುಸೆಟ್ಟು ಇದ್ದವರಿಗೆ ಮೈಕೋ ಹೆಸರು ಗೊತ್ತಿಲ್ಲದಿಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಕಂಪನಿಯ ಹಿಂದಿದ್ದದ್ದು ಜರ್ಮನಿಯ ಬಾಷ್, 2008ರಿಂದ ಹೆಸರೂ ಬಾಷ್ ಎಂದೇ ಆಗಿದೆ. ಇವತ್ತು ತೋಟದಲ್ಲಿ ಕಳೆ ಹೊಡೆಯುವ ಸ್ಟಿಲ್ ಯಂತ್ರದ ಮೂಲವೂ ಸ್ಟುಟ್‌ಗಾರ್ಟೇ.

ಹೀಗಾಗಿ ನಂಬಿಕೆ ಸುಳ್ಳಲ್ಲ. ಆದರೆ ಹೆಂಚು, ಲಾರಿ, ನಾಝಲ್ ಇವುಗಳ ಮೇಲಿಟ್ಟ ನಂಬಿಕೆಯನ್ನು ಹಾಗೆಯೇ ಎತ್ತಿ ಇಂದಿನ ಕಾರಿನ ಮೇಲಿಡುವುದು ತಪ್ಪು. ಆ ಲಾರಿಯನ್ನು ಕಾರ್ಕಳದ ಮಾರ್ಗಬದಿಯ ಗ್ಯಾರೇಜಿನಲ್ಲಿ ಪಾನ ಸುತ್ತಿಗೆ ಹಿಡಿದವನೊಬ್ಬ ಬಿಚ್ಚಿ ಕೂಡಿಸಬಹುದಿತ್ತು. ಹಳೆಯ ಬೆಂಜ್ ಕಾರಿನ ಬಾಳಿಕೆಗೆ ಎಲ್ಲರೂ ಕೊಡುವ ಉದಾಹರಣೆ ಗ್ರೀಸ್ ದೇಶದ ಒಂದು ಟ್ಯಾಕ್ಸಿಯದು. 1976ರ ಆ 240 ಡಿ ಕಾರು 46 ಲಕ್ಷ ಕಿಲೋಮೀಟರು ಓಡಿತೆಂದು ಲೆಕ್ಕ. ಮಾಲಿಕ ಅದನ್ನು 2004ರಲ್ಲಿ ಕಂಪನಿಯ ಮ್ಯೂಸಿಯಮ್ಮಿಗೆ ಕೊಟ್ಟ. ಹೇಳುವವರು ಬಿಟ್ಟುಬಿಡುವ ಸಂಗತಿ ಎಂದರೆ, ಆತ ಎಂಜಿನನ್ನು ಮತ್ತೆ ಮತ್ತೆ ಇಳಿಸಿ, ಬದಲಿ ಎಂಜಿನು ಕೂಡಿಸಿ ಓಡಿಸಿದ್ದ. ಕಾರು ತಾನಾಗಿ ಬಾಳಲಿಲ್ಲ, ಆತ ಬಾಳಿಸಿದ.

ಈಗ ಮೂಲ ವಿಷಯಕ್ಕೆ ಬರೋಣ. ಹಳದಿ ಎಲೆ ರೋಗ ಬಂದ ತೋಟವೊಂದು ಅರ್ಧ ಕ್ರಯಕ್ಕೆ ಸಿಕ್ಕಿತೆಂದು ಇಟ್ಟುಕೊಳ್ಳಿ. ಕ್ರಯ ಅರ್ಧವಾಯಿತು, ಮರ ಹತ್ತಿ ಮದ್ದು ಬಿಡುವವನ ಕೂಲಿ ಅರ್ಧವಾಯಿತೇ? ಗೊಬ್ಬರ, ಕರೆಂಟು, ತುತ್ತ ಅರ್ಧ ರೇಟಿಗೆ ಬಂದಾವೇ? ಹಳೆಯ ಐಷಾರಾಮಿ ಕಾರಿನ ಕತೆ ಇಷ್ಟೇ. ಹೊಸದಿದ್ದಾಗ 45 ಲಕ್ಷದ ಕಾರು ಹತ್ತು ವರ್ಷಕ್ಕೆ 9 ಲಕ್ಷಕ್ಕೆ ಇಳಿಯುತ್ತದೆ. ಅದರ ಬಿಡಿಭಾಗ 45 ಲಕ್ಷದ ಕಾರಿನದ್ದಾಗಿಯೇ ಉಳಿಯುತ್ತದೆ. ಉಳಿಯುವುದು ಕೂಡ ಅಲ್ಲ, ಏರುತ್ತದೆ. ಬೆಂಜ್ ಪುಣೆಯಲ್ಲಿ 1995ರಿಂದ, ಬಿ.ಎಂ.ಡಬ್ಲ್ಯು. ಚೆನ್ನೈಯಲ್ಲಿ 2007ರಿಂದ ಕಾರು ಜೋಡಿಸುತ್ತ ಬಂದಿದ್ದರೂ ಎಷ್ಟೋ ಬಿಡಿಭಾಗಗಳು ಹೊರದೇಶದಿಂದಲೇ ಬರಬೇಕು. 2007ರಲ್ಲಿ ಒಂದು ಯೂರೋಗೆ 60 ರೂಪಾಯಿಯ ಒಳಗೆ ಇದ್ದದ್ದು 2025ರಲ್ಲಿ 100 ದಾಟಿತು. ಕಾರಿನ ಬೆಲೆ ಒಂದು ದಿಕ್ಕಿಗೆ, ಅದರ ಭಾಗದ ಬೆಲೆ ಇನ್ನೊಂದು ದಿಕ್ಕಿಗೆ. ಸಾಲದ ಅರ್ಜಿಯಲ್ಲಿ ನಾವು ಕೇಳುವುದು ಮೊದಲನೆಯದನ್ನು ಮಾತ್ರ.

ಇನ್ನೊಂದು ವಿಷಯವೂ ಉಂಟು. ಜರ್ಮನಿಯಲ್ಲಿ ಹೊಸ ಕಾರನ್ನು ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ತಪಾಸಣೆಗೆ ಒಪ್ಪಿಸಲೇಬೇಕು. ಬುಷ್ ಸವೆದಿದ್ದರೆ, ಬ್ರೇಕಿನ ಪೈಪಿಗೆ ತುಕ್ಕು ಹಿಡಿದಿದ್ದರೆ ಅಲ್ಲೇ ತಡೆಯುತ್ತಾರೆ. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಅಷ್ಟರೊಳಗೆ ಹೊಗೆ ಪರೀಕ್ಷೆಯ ಚೀಟಿ ಬಿಟ್ಟರೆ ಯಾರೂ ಅದರ ಹೊಟ್ಟೆಯ ಕೆಳಗೆ ಇಣುಕಿ ನೋಡುವವರಿಲ್ಲ. ಮೊದಲ ಮಾಲಿಕ ಐದು ವರ್ಷ ಷೋರೂಮಿಗೆ ಕೊಟ್ಟಿರುತ್ತಾನೆ, ಎರಡನೆಯವನು ಸಿಕ್ಕಲ್ಲಿ ಕೊಟ್ಟಿರುತ್ತಾನೆ, ಮೂರನೆಯವನು ಎಣ್ಣೆ ಮಾತ್ರ ಬದಲಿಸಿರುತ್ತಾನೆ. ನಾಲ್ಕನೆಯವರು ನಾವು.

ಇದರ ಮೇಲೆ ನಮ್ಮ ಮಳೆ. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಬೀಳುವ ಜಿಲ್ಲೆ ಇದು. ಈ ಕಾರುಗಳ ಮಾಡಿನ ಗಾಜಿನ ಕಿಂಡಿ, ಅಂದರೆ ಸನ್‌ರೂಫ್, ಅದರ ನಾಲ್ಕು ಮೂಲೆಗಳಲ್ಲಿ ನೀರು ಇಳಿದುಹೋಗಲು ಸಪೂರ ನಳಿಕೆಗಳಿರುತ್ತವೆ. ಮುಂದಿನ ಗಾಜಿನ ಬುಡದಲ್ಲೂ ಹಾಗೆಯೇ. ಹಲಸಿನ ಮರದಡಿ, ಅಡಿಕೆ ತೋಟದ ಬದಿ ನಿಲ್ಲಿಸಿದರೆ ಎಲೆ, ಹೂವು, ಕಸ ಸೇರಿ ಅವು ಕಟ್ಟಿಕೊಳ್ಳುತ್ತವೆ. ನೀರು ಒಳಗೆ ಇಳಿಯುತ್ತದೆ. ಹಳೆಯ ಅಂಬಾಸಿಡರಿನೊಳಗೂ ನೀರು ಬರುತ್ತಿತ್ತು, ಗೋಣಿ ಹಾಕಿದರೆ ಮುಗಿಯಿತು. ಇಲ್ಲಿ ಹಲವು ಮಾದರಿಗಳಲ್ಲಿ ಕಾಲಡಿಯ ಚಾಪೆಯ ಕೆಳಗೆ ಅಥವಾ ಡಿಕ್ಕಿಯ ತಳದಲ್ಲಿ ವಿದ್ಯುತ್ ನಿಯಂತ್ರಣದ ಪೆಟ್ಟಿಗೆಗಳಿರುತ್ತವೆ. ಅವಕ್ಕೆ ನೀರು ತಾಗಿದರೆ ಬಾಗಿಲು ಬೀಗ ಹಾಕದು, ದೀಪ ಆರದು, ಕೆಲವೊಮ್ಮೆ ಎಂಜಿನೇ ಎಚ್ಚರವಾಗದು. ಕಾಪು, ಮಲ್ಪೆಯ ಕಡೆಯವರಿಗೆ ಉಪ್ಪುಗಾಳಿ ಬೇರೆ, ಎ.ಸಿ.ಯ ಕಂಡೆನ್ಸರು, ಬ್ರೇಕಿನ ನಳಿಗೆ ಅದು ವೈರಿ. ತೋಟದ ಮನೆಯವರಿಗೆ ಇಲಿ. ಅಡಿಕೆ ದಾಸ್ತಾನಿದ್ದಲ್ಲಿ ಇಲಿ ಇರದೆ ಹೋದೀತೇ? ಒಂದು ರಾತ್ರಿ ಬೆಚ್ಚಗಿನ ಎಂಜಿನಿನ ಮೇಲೆ ಕೂತು ಅದು ಕಡಿದ ವಯರು ಬರೇ ಎರಡು ಇಂಚಿನದ್ದಾದರೂ, ಎಲ್ಲಿ ಕಡಿದಿದೆ ಎಂದು ಹುಡುಕಲು ಎರಡು ದಿನದ ಕೂಲಿ.

ಇನ್ನು ನನ್ನ ಲೆಕ್ಕ. 2017ರಲ್ಲಿ ಬೆಂಗಳೂರಿನಿಂದ ಏಳು ವರ್ಷ ಹಳೆಯ ಡೀಸೆಲ್ ಕಾರೊಂದನ್ನು 9 ಲಕ್ಷಕ್ಕೆ ತಂದೆ. ಕಂಪನಿಯ ಹೆಸರು ಬೇಡ, ಮೂರರಲ್ಲಿ ಒಂದು. ತಂದ ವರ್ಷ ನಾಲ್ಕು ಟಯರಿಗೆ 62,000, ಬ್ಯಾಟರಿಗೆ 24,000 ಆಯಿತು. ಬ್ಯಾಟರಿ ಹಾಕಿದ ಮೇಲೆ ಹೊಸದು ಬಂದಿದೆ ಎಂದು ಕಾರಿನ ಕಂಪ್ಯೂಟರಿಗೆ ತಿಳಿಸಬೇಕಂತೆ! ಎರಡನೆಯ ವರ್ಷ ಮುಂದಿನ ಚಕ್ರದ ಆರ್ಮುಗಳು ಮತ್ತು ಬುಷ್ಷುಗಳಿಗೆ 78,000, ಎ.ಸಿ.ಗೆ 55,000. ಮೂರನೆಯ ವರ್ಷ ಜುಲೈಯಲ್ಲಿ ನೀರು ಒಳಗಿಳಿದು 92,000. ಸೆಪ್ಟೆಂಬರಿನಲ್ಲಿ ಗೇರ್‌ಬಾಕ್ಸಿಗೆ 1,10,000. ನಡುವೆ ಮೂರು ಮಾಮೂಲು ಸರ್ವಿಸಿಗೆ ಒಟ್ಟು 90,000. ವಿಮೆ, ಡೀಸೆಲ್ ಬಿಟ್ಟು 5,11,000 ರೂಪಾಯಿ. 2020ರಲ್ಲಿ ಅದನ್ನು 3,60,000ಕ್ಕೆ ಕೊಟ್ಟೆ. ಕ್ರಯದಲ್ಲಿ ಕಳೆದದ್ದು 5,40,000. ಕೂಡಿಸಿದರೆ 10,51,000. ಓಡಿಸಿದ್ದು 31,000 ಕಿಲೋಮೀಟರು. ಅಂದರೆ ಡೀಸೆಲ್ ಹಾಕುವ ಮೊದಲೇ ಕಿಲೋಮೀಟರಿಗೆ ಹತ್ತಿರ ಹತ್ತಿರ 34 ರೂಪಾಯಿ. ಬಾಡಿಗೆ ಕಾರಿನಲ್ಲಿ ಓಡಾಡಿದ್ದರೆ ಡ್ರೈವರನ ಊಟ ಸೇರಿಸಿಯೂ ಉಳಿಯುತ್ತಿತ್ತು. ಆಗ ಚಾಲಿ ಧಾರಣೆ ಕಿಲೋಗೆ 250ರ ಸುತ್ತ. ಲೆಕ್ಕ ಹಾಕಿದರೆ 42 ಕ್ವಿಂಟಾಲ್ ಅಡಿಕೆ. ಎಕ್ರೆಗೆ ಹತ್ತು ಕ್ವಿಂಟಾಲ್ ಬರುವ ಒಳ್ಳೆಯ ತೋಟ ಎಂದುಕೊಂಡರೂ ನಾಲ್ಕು ಎಕ್ರೆಯ ಒಂದು ವರ್ಷದ ಫಸಲು, ಖರ್ಚು ಕಳೆಯದೆ. ಕಾರಿನಲ್ಲಿ ಮೊದಲ ದಿನ ಮನೆಯವರನ್ನು ಕೂರಿಸಿಕೊಂಡು ಕೃಷ್ಣಮಠಕ್ಕೆ ಹೋಗಿ ಬಂದ ಸಂತೋಷಕ್ಕೆ ಬೆಲೆ ಕಟ್ಟುವಂತಿಲ್ಲ. ಅದನ್ನೂ ಜಮಾ ಬದಿಗೆ ಬರೆದಿದ್ದೇನೆ.

ಮೊತ್ತಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ತಿಂಗಳುಗಳು. ಜುಲೈ, ಸೆಪ್ಟೆಂಬರ್. ನಮ್ಮ ಕೈಯಲ್ಲಿ ದುಡ್ಡಿರುವುದು ಜನವರಿಯಿಂದ ಮೇ ತನಕ. ಜೂನ್ ಬಂತೆಂದರೆ ಬೋರ್ಡೋ ದ್ರಾವಣ, ಮರ ಹತ್ತುವವರ ಕೂಲಿ, ಮಕ್ಕಳ ಫೀಸು. ಸಂಬಳದವನಿಗೆ ಒಂದು ಲಕ್ಷದ ಬಿಲ್ಲು ಯಾವ ತಿಂಗಳಲ್ಲಿ ಬಂದರೂ ಒಂದೇ. ಕೃಷಿಕನಿಗೆ ಹಾಗಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರು ಕಚೇರಿಗೆ ಬಂದು, ಗ್ಯಾರೇಜಿನಲ್ಲಿ ಕಾರು 23 ದಿನದಿಂದ ಕೂತಿದೆ, ಬಿಲ್ಲು ಕೊಡದೆ ಬಿಡುವುದಿಲ್ಲ ಎಂದರು. ಧಾರಣೆ ಏರಲಿ ಎಂದು ಇಟ್ಟಿದ್ದ 18 ಕ್ವಿಂಟಾಲ್ ಚಾಲಿಯನ್ನು ಆ ವಾರವೇ ಕೊಟ್ಟರು. ಎರಡು ತಿಂಗಳ ಬಳಿಕ ಧಾರಣೆ ಕಿಲೋಗೆ 35 ರೂಪಾಯಿ ಮೇಲೆ ಹೋಯಿತು. ಗ್ಯಾರೇಜಿನ ಬಿಲ್ಲಿನಲ್ಲಿ ಕಾಣದ 63,000 ರೂಪಾಯಿ ಅದು. ಅವರ ಅನುಮತಿಯಿಂದ, ಹೆಸರಿಲ್ಲದೆ ಇದನ್ನು ಬರೆದಿದ್ದೇನೆ. ಎಪ್ಪತ್ತರ ದಶಕದ ಆರಂಭದಲ್ಲಿ ಧಾರಣೆ ಕುಸಿದು ಬೆಳೆಗಾರ ಸಿಕ್ಕಿದ ಬೆಲೆಗೆ ಮಾರಬೇಕಾಗಿ ಬಂದದ್ದರಿಂದಲೇ ವಾರಣಾಶಿ ಸುಬ್ರಾಯ ಭಟ್ಟರಂಥವರು 1973ರಲ್ಲಿ ಕ್ಯಾಂಪ್ಕೊ ಕಟ್ಟಿದ್ದು. ನಮ್ಮಂಥ ಸಣ್ಣ ಸಂಘಗಳಿರುವುದೂ ಸದಸ್ಯನಿಗೆ ಮಾಲನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಬರಲಿ ಎಂದು. ಆ ಶಕ್ತಿಯನ್ನು ತೆಗೆದುಬಿಡುವ ಸಾಲವನ್ನು ನಾವೇ ಕೊಟ್ಟರೆ ಹೇಗೆ?

ಇಷ್ಟು ಹೇಳಿದ ಮೇಲೂ ಕೊಳ್ಳುವವರು ಕೊಳ್ಳುತ್ತಾರೆ. ಅವರಿಗೆ ಕೆಲವು ಮಾತು. ಬಿ.ಎಂ.ಡಬ್ಲ್ಯು.ವಿನ 2007ರಿಂದ ಬಂದ ಎನ್47 ಎಂಬ ಡೀಸೆಲ್ ಎಂಜಿನಿನಲ್ಲಿ ಟೈಮಿಂಗ್ ಚೈನು ಎಂಜಿನಿನ ಹಿಂಬದಿಗೆ, ಗೇರ್‌ಬಾಕ್ಸಿನ ಪಕ್ಕಕ್ಕಿದೆ. ಅದು ಸವೆಯುವುದು ಲೋಕಪ್ರಸಿದ್ಧ. ಬದಲಿಸಬೇಕಾದರೆ ಎಂಜಿನನ್ನೋ ಗೇರ್‌ಬಾಕ್ಸನ್ನೋ ಇಳಿಸಬೇಕು. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಹಿಂಬದಿಯಿಂದ ಗರಗರ ಸದ್ದು ಬರುತ್ತದೆಯೇ ಕೇಳಿ. ಆಡಿಯ ಆ ಕಾಲದ ಟರ್ಬೊ ಪೆಟ್ರೋಲ್ ಎಂಜಿನುಗಳಲ್ಲಿ ಹಲವು ಎಣ್ಣೆ ಕುಡಿಯುತ್ತವೆ. ಬೆಂಜಿನ ಗಾಳಿ ತುಂಬಿದ ಸಸ್ಪೆನ್ಷನ್ನು ಕೂರಲು ಹಿತ, ಆದರೆ ಅದರ ರಬ್ಬರ್ ಚೀಲ ವರ್ಷ ಕಳೆದಂತೆ ಬಿರಿಯುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದು ಮೂಲೆಗೆ ಕುಸಿದು ಕೂತಿದ್ದರೆ ಅದನ್ನು ಬಿಟ್ಟು ಬನ್ನಿ. ಉಕ್ಕಿನ ಸ್ಪ್ರಿಂಗಿನದ್ದೇ ನಮಗೆ ಸರಿ. ಬಿ.ಎಂ.ಡಬ್ಲ್ಯು. ಹಲವು ಮಾದರಿಗಳಲ್ಲಿ ಗಾಳಿ ಹೋದರೂ ಸ್ವಲ್ಪ ದೂರ ಓಡುವ ಗಟ್ಟಿ ಟಯರು ಕೊಟ್ಟು ಸ್ಟೆಪ್ನಿ ಇಟ್ಟಿಲ್ಲ. ನಮ್ಮ ಗುಂಡಿಗೆ ಬಿದ್ದು ಟಯರಿನ ಬದಿಯೇ ಒಡೆದರೆ ಅದು ದೂರ ಹೋಗದು. ಸೋಮೇಶ್ವರದಿಂದ ಮೇಲೆ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ರಾತ್ರಿ ಹೀಗಾದರೆ ಏನು ಮಾಡುತ್ತೀರಿ ಎಂದು ಕೊಳ್ಳುವ ಮೊದಲೇ ಯೋಚಿಸಿ. ಗೇರ್‌ಬಾಕ್ಸಿನ ಎಣ್ಣೆ ಜೀವಮಾನವಿಡೀ ಬದಲಿಸಬೇಕಿಲ್ಲ ಎಂದು ಮಾರುವವರು ಹೇಳುತ್ತಾರೆ. ಆ ಗೇರ್‌ಬಾಕ್ಸುಗಳಲ್ಲಿ ಹಲವನ್ನು ಮಾಡುವ ಝಡ್.ಎಫ್. ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿನೊಳಗೆ ಅಥವಾ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ. 2020ರ ಏಪ್ರಿಲಿನ ಬಳಿಕದ ಬಿ.ಎಸ್.-6 ಡೀಸೆಲ್ ಆದರೆ ಹೊಗೆಯ ಮಸಿ ಹಿಡಿದಿಡುವ ಜಾಲರಿ ಉಂಟು. ಅದು ತಾನೇ ಸುಟ್ಟು ಶುದ್ಧವಾಗಲು ಹೆದ್ದಾರಿಯ ಓಟ ಬೇಕು. ಮನೆಯಿಂದ ಸೊಸೈಟಿಗೆ ನಾಲ್ಕು ಕಿಲೋಮೀಟರು, ಸೊಸೈಟಿಯಿಂದ ಮನೆಗೆ ನಾಲ್ಕು, ಇಷ್ಟೇ ಓಡಿಸುವವರು ಡೀಸೆಲ್ ಮುಟ್ಟಬೇಡಿ.

ಎಲ್ಲಿಂದ ಬಂದ ಕಾರು ಎಂಬುದೂ ಮುಖ್ಯ. ದಿಲ್ಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಓಡಿಸಕೂಡದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿ, 2018ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿದ ಮೇಲೆ ಅಲ್ಲಿನ ಕಾರುಗಳು ದಕ್ಷಿಣಕ್ಕೆ ಅಗ್ಗದಲ್ಲಿ ಇಳಿದವು. 2025ರಲ್ಲಿ ಆ ಬಿಗಿ ಸಡಿಲಾದರೂ ಬಂದ ಕಾರುಗಳು ಇಲ್ಲೇ ಕೈ ಬದಲಿಸುತ್ತಿವೆ. ಹೊರರಾಜ್ಯದ ಕಾರನ್ನು ಹನ್ನೆರಡು ತಿಂಗಳು ಮೀರಿ ಇಲ್ಲಿಟ್ಟುಕೊಂಡರೆ ಇಲ್ಲಿನ ನಂಬ್ರ ಮಾಡಿಸಲೇಬೇಕು. 20 ಲಕ್ಷಕ್ಕೆ ಮೇಲ್ಪಟ್ಟ ಕಾರಿಗೆ ನಮ್ಮ ರಾಜ್ಯದ ಆಜೀವ ತೆರಿಗೆ ಶೇಕಡಾ 18. ಹಳೆಯದಕ್ಕೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ ನಿಜ, ಆದರೆ ಲೆಕ್ಕ ಹಿಡಿಯುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರಿನ ಮೂಲ ಬೆಲೆಯ ಮೇಲೆ. ಕೆ.ಎ.-20 ಎಂದು ಬರೆಸಿಕೊಳ್ಳುವಷ್ಟರಲ್ಲಿ ಅಗ್ಗ ಎಂಬುದು ಕರಗಿಹೋಗಿರುತ್ತದೆ. ನೆರೆನೀರಿನಲ್ಲಿ ಮುಳುಗಿದ ಕಾರುಗಳು ಇನ್ನೊಂದು ಗಂಡಾಂತರ. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಎಂತೆಂಥ ಕಾರುಗಳು ನೀರಿನಲ್ಲಿ ನಿಂತದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ವಿಮೆಯವರು ಕೈಬಿಟ್ಟ ಕಾರನ್ನು ಒಣಗಿಸಿ ತೊಳೆದು ಮಾರುವವರಿದ್ದಾರೆ. ಸೀಟಿನ ಬೋಲ್ಟಿಗೆ ತುಕ್ಕು, ಚಾಪೆಯ ಕೆಳಗೆ ಸಣ್ಣ ಮರಳು, ಅತಿಯಾದ ಸುಗಂಧ, ಇವು ಕಂಡರೆ ಅನುಮಾನಿಸಿ. ಮೀಟರಿನ ಕಿಲೋಮೀಟರು ನಂಬಬೇಡಿ. ಸರ್ವಿಸ್ ದಾಖಲೆ ತರಿಸಿ ತಾಳೆ ನೋಡಿ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಬದಿಯೂ ಉಂಟು. ಮಳೆಯಲ್ಲಿ ಹೆದ್ದಾರಿ 66ರಲ್ಲಿ ಆ ಕಾರು ನೆಲ ಹಿಡಿದು ಹೋಗುವ ರೀತಿ, ಬ್ರೇಕಿನ ಭರವಸೆ, ಗಟ್ಟಿ ಮೈ, ಇದನ್ನು ಅದೇ ಕ್ರಯದ ಹೊಸ ಸಣ್ಣ ಕಾರು ಕೊಡಲಾರದು. ಮಣಿಪಾಲದ ಕಡೆಯ ಸದಸ್ಯರೊಬ್ಬರು ಆರು ವರ್ಷದಿಂದ ಹಳೆಯ ಬೆಂಜ್ ಒಂದನ್ನು ಸುಖವಾಗಿ ಇಟ್ಟುಕೊಂಡಿದ್ದಾರೆ. ಅವರ ಗುಟ್ಟು ಕೇಳಿದೆ. ಎಣ್ಣೆಯನ್ನು ಕಂಪನಿ ಹೇಳಿದ ಅರ್ಧ ದೂರಕ್ಕೇ ಬದಲಿಸುತ್ತಾರೆ. ಮೇ ಕೊನೆಗೆ ನೀರಿಳಿಯುವ ನಳಿಕೆಗಳನ್ನು ಊದಿಸುತ್ತಾರೆ. ಬಿಡಿಭಾಗವನ್ನು ನಕ್ಷತ್ರದ ಡಬ್ಬಿಯಲ್ಲಿ ಅಲ್ಲ, ಅದನ್ನು ತಯಾರಿಸುವ ಬಾಷ್, ಮಾಲೆ, ಸಾಕ್ಸ್ ಕಂಪನಿಗಳದ್ದೇ ಡಬ್ಬಿಯಲ್ಲಿ ಕೊಳ್ಳುತ್ತಾರೆ. ಈ ಕಾರುಗಳನ್ನೇ ರಿಪೇರಿ ಮಾಡುವ ಒಬ್ಬ ಒಳ್ಳೆಯ ಮೆಕ್ಯಾನಿಕ್ ಅವರಿಗಿದ್ದಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಅವರಿಗೆ ತಿಂಗಳಿಗೆ ಸರಿಯಾಗಿ ಬರುವ ಬಾಡಿಗೆಯ ಆದಾಯ ಇದೆ, ಮನೆಯಲ್ಲಿ ಬೇರೊಂದು ಮಾರುತಿಯೂ ಇದೆ.

ಹಾಗಾಗಿ ಮಹಾಸಭೆಯ ಮುಂದೆ ನಾನಿಡುವ ಸಲಹೆ ಸಾಲ ನಿಲ್ಲಿಸಬೇಕೆಂಬುದಲ್ಲ. ಐದು ವರ್ಷ ಮೀರಿದ, ಹೊಸದಿದ್ದಾಗ 25 ಲಕ್ಷಕ್ಕೂ ಮೇಲ್ಪಟ್ಟ ಕಾರಿಗೆ ಕ್ರಯದ ಅರ್ಧಕ್ಕಿಂತ ಹೆಚ್ಚು ಸಾಲ ಬೇಡ. ಕ್ರಯದ ಕಾಲು ಭಾಗವನ್ನು ಸದಸ್ಯರು ತಮ್ಮದೇ ಹೆಸರಿನಲ್ಲಿ ಸಂಘದಲ್ಲಿ ಎರಡು ವರ್ಷದ ಠೇವಣಿ ಇಡಲಿ. ಗ್ಯಾರೇಜಿನ ಬಿಲ್ಲು ತೋರಿಸಿದರೆ ಅದರಿಂದ ಹಣ ಕೊಡೋಣ. ಬಿಲ್ಲೇ ಬಾರದಿದ್ದರೆ ಬಡ್ಡಿ ಸಮೇತ ಅವರದ್ದೇ. ಕಾರು ನಮ್ಮದು, ಸಾಲ ತೀರಿಸುವವರು ನಾವು, ನಿಮಗೇನು ಎಂದು ಇಬ್ಬರು ಯುವ ಸದಸ್ಯರು ನನ್ನ ಮುಖಕ್ಕೇ ಕೇಳಿದ್ದಾರೆ. ಪ್ರಶ್ನೆ ಸರಿಯೇ. ಆದರೆ ಸಾಲ ಕೊಡುವುದು ಇನ್ನೊಬ್ಬ ಸದಸ್ಯ ಮಗಳ ಮದುವೆಗೆಂದು ಇಟ್ಟ ಠೇವಣಿಯಿಂದ. ಏಳರಲ್ಲಿ ಎರಡು ಸಾಲಗಳ ಕಂತು ಈ ಆಗಸ್ಟಿನಲ್ಲಿ ತಪ್ಪಿದೆ. ಎರಡೂ ಕಾರು ಆಗ ಗ್ಯಾರೇಜಿನಲ್ಲಿದ್ದವು.

ಮಹಾಸಭೆಯಲ್ಲಿ ಇದರ ಮೇಲೆ ಚರ್ಚೆಯಾಗಿ ಮತಕ್ಕೆ ಹಾಕುತ್ತಾರೆ. ನನ್ನ ಸಲಹೆ ಬಿದ್ದುಹೋದರೂ ಬೇಸರವಿಲ್ಲ. ಅಷ್ಟರವರೆಗೆ ಯಾರಾದರೂ ಕಾರು ನೋಡಿಟ್ಟಿದ್ದರೆ ಮುಂಗಡ ಕೊಡುವ ಮೊದಲು ಅದರ ಚಾಸಿ ನಂಬ್ರವನ್ನೂ ಆರ್.ಸಿ.ಯ ಪ್ರತಿಯನ್ನೂ ಕಚೇರಿಗೆ ತನ್ನಿ. ಎಷ್ಟನೆಯ ಮಾಲಿಕ, ಯಾವ ಬ್ಯಾಂಕಿನ ಸಾಲ ಬಾಕಿ ಉಂಟು ಎಂಬುದನ್ನು ಸಾರಿಗೆ ಇಲಾಖೆಯ ದಾಖಲೆಯಲ್ಲಿ ನೋಡಿ ಹೇಳಲು ನಮ್ಮ ಗುಮಾಸ್ತರಿಗೆ ಹತ್ತು ನಿಮಿಷ ಸಾಕು.